ಐದನೇ ಪ್ಲೇಟಿನ ನಡುಕ

ನಾನು ಗ್ರಾಮಫೋನ್ ರಿಪೇರಿಗೆ ಕೂತಾಗ ನನಗೆ ಇಪ್ಪತ್ತಾರು ವರ್ಷ. ಸ್ಕ್ರೂ ಯಾವುದು, ಅದರ ನೆರಳು ಯಾವುದು ಎಂದು ಕಣ್ಣಿಗೆ ತಿಳಿಯದಂತಾದಾಗ ಎದ್ದೆ. ಈಗ ರೇಡಿಯೊ, ಟೇಪ್ ರೆಕಾರ್ಡರ್ ಬಿಚ್ಚಲು ಕಲಿಯುತ್ತಿರುವ ಹೊಸಬರು ಸಂಜೆ ಹೊತ್ತು ನಮ್ಮ ಮನೆ ಕಟ್ಟೆಗೆ ಬಂದು ಕೂತು, ಆಗಿನ ಕೆಲಸ ಹೆಂಗಿತ್ತು ಹೇಳ್ರಿ ಎನ್ನುತ್ತಾರೆ. ಮೀಟರ್ ಹಿಡಿಯುವುದನ್ನು ನಾನು ಅವರಿಗೆ ಹೇಳಿಕೊಡಲಾರೆ; ಅದನ್ನು ಅವರೇ ನನಗೆ ಹೇಳಿಕೊಡಬೇಕು. ಆದರೆ ಮಂದಿ ತಮಗೆ ಜೀವವಾದ ವಸ್ತುವನ್ನು ನಮ್ಮ ಕೈಗೆ ಕೊಟ್ಟು, ನಮ್ಮ ಮುಖವನ್ನೇ ನೋಡುತ್ತ ಎದುರಿಗೆ ನಿಲ್ಲುತ್ತಾರಲ್ಲ, ಅದು ಆಗಲೂ ಇತ್ತು, ಈಗಲೂ ಇದೆ. ಅದರ ಬಗ್ಗೆ ನನಗೆ ಗೊತ್ತಿರುವುದನ್ನು ಬರೆಯುತ್ತೇನೆ.

ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲ ಅದು. ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಹುಸೇನ್ ಸಾಹೇಬರ ಅಂಗಡಿ. ಗಡಿಯಾರ, ಹೊಲಿಗೆ ಮಿಷಿನ್, ಗ್ರಾಮಫೋನ್ ಮೂರನ್ನೂ ಅವರು ರಿಪೇರಿ ಮಾಡುತ್ತಿದ್ದರು. ನಾನು ಕಂಪ್ಲಿಯವನು. ಅಲ್ಲಿನ ಅಕ್ಕಿ ಗಿರಣಿಯಲ್ಲಿ ಎಂಜಿನ್ನಿಗೆ ಎಣ್ಣೆ ಬಿಡುತ್ತ ಇದ್ದವನು. ಒಂದು ದಿನ ಗಿರಣಿಯ ಗೋಡೆ ಗಡಿಯಾರ ಹೊತ್ತುಕೊಂಡು ಅವರ ಅಂಗಡಿಗೆ ಬಂದೆ. ಅವರು ಅದನ್ನು ಬಿಚ್ಚುವುದನ್ನು ನೋಡುತ್ತ ನಿಂತವನು ಊಟದ ಹೊತ್ತು ದಾಟಿದರೂ ಹೋಗಲಿಲ್ಲ. ಕೊನೆಗೆ ಅವರೇ ಕನ್ನಡಕ ಮೇಲೆತ್ತಿ, ಗಿರಣಿ ಬಿಟ್ಟು ಬರ್ತೀಯೇನು ಎಂದು ಕೇಳಿದರು. ಮುಂದಿನ ಸೋಮವಾರ ಬಂದುಬಿಟ್ಟೆ.

ಗ್ರಾಮಫೋನಿಗೆ ಕರೆಂಟ್ ಬೇಕಿಲ್ಲ. ಪೆಟ್ಟಿಗೆಯೊಳಗೆ ಒಂದು ಡಬ್ಬಿ, ಡಬ್ಬಿಯೊಳಗೆ ಸುರುಳಿ ಸುತ್ತಿದ ಉಕ್ಕಿನ ಪಟ್ಟಿ. ಕೀಲಿ ಕೊಟ್ಟರೆ ಪಟ್ಟಿ ಬಿಗಿಯುತ್ತದೆ. ಬಿಚ್ಚಿಕೊಳ್ಳುತ್ತ ಪ್ಲೇಟನ್ನು ತಿರುಗಿಸುತ್ತದೆ. ನಾವು ರಿಕಾರ್ಡಿಗೆ ಪ್ಲೇಟು ಎನ್ನುತ್ತಿದ್ದೆವು. ಅದರ ಗೆರೆಯಲ್ಲಿ ಮುಳ್ಳು ಓಡುತ್ತದೆ, ಮುಳ್ಳಿನ ಅದುರು ಸೌಂಡ್ ಬಾಕ್ಸಿಗೆ ಹೋಗಿ ದನಿಯಾಗುತ್ತದೆ. ಇಷ್ಟೇ. ಆದರೆ ಆ ಉಕ್ಕಿನ ಪಟ್ಟಿ ಡಬ್ಬಿಯಿಂದ ಹಾರಿತೆಂದರೆ ಬೆರಳು ಉಳಿಯುವುದು ಅದೃಷ್ಟ. ನನ್ನ ಎಡ ಅಂಗೈಯಲ್ಲಿ ಈಗಲೂ ಒಂದು ಗೆರೆ ಹೆಚ್ಚಿದೆ. ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಅದನ್ನು ಕಂಡು ನನಗೆ ಎರಡು ಮದುವೆ ಎಂದಿದ್ದ.

ಮೊದಲ ವರ್ಷವೇ ದೊಡ್ಡ ತಪ್ಪು ಮಾಡಿದೆ. ನನ್ನ ಹಳೇ ಗಿರಣಿಯ ಮಾಲೀಕರ ಮನೆಯ ಗ್ರಾಮಫೋನ್ ಬಂದಿತ್ತು. ಸ್ಪ್ರಿಂಗಿಗೆ ಹಚ್ಚುವ ಗ್ರೀಸ್ ಮುಗಿದಿತ್ತು. ಸಾಹೇಬರು ಊರಲ್ಲಿರಲಿಲ್ಲ. ಎಂಜಿನ್ನಿಗೆ ಎಣ್ಣೆ ಬಿಟ್ಟ ಕೈಯಲ್ಲವೇ, ಹರಳೆಣ್ಣೆ ತುಂಬಿ ಕಳಿಸಿದೆ. ಎರಡು ತಿಂಗಳಿಗೆ ಎಣ್ಣೆ ಅಂಟಾಯಿತು. ಅವರ ಸೊಸೆಯ ಸೀಮಂತದ ದಿನ, ಮನೆ ತುಂಬ ನೆಂಟರು ಕೂತಿದ್ದಾಗ, ಹೆಣ್ಣುಮಗಳ ಹಾಡು ಬರಬರುತ್ತ ಗಂಡಸಿನ ದನಿಯಾಗಿ, ಆಮೇಲೆ ಗೊರಕೆಯಾಗಿ ನಿಂತಿತಂತೆ. ಸುದ್ದಿ ತಂದವನು ನಗುತ್ತಲೇ ಹೇಳಿದ. ಹುಸೇನ್ ಸಾಹೇಬರು ನಗಲಿಲ್ಲ. ನನ್ನನ್ನು ಕಂಪ್ಲಿಗೆ ಕರೆದುಕೊಂಡು ಹೋಗಿ, ಆ ಮನೆಯ ಪಡಸಾಲೆಯಲ್ಲೇ ಮಿಷಿನ್ ಬಿಚ್ಚಿಸಿ, ಏನು ಹಾಕಿದ್ದೆ ಎಂದು ಎಲ್ಲರೆದುರು ನನ್ನಿಂದಲೇ ಹೇಳಿಸಿದರು. ಆಮೇಲೆ ಊಟಕ್ಕೆ ಕೂತಾಗ ಮನೆಯ ಅಜ್ಜಿ ಮಾತ್ರ, ಗಂಡಸಿನ ದನಿಯಾಗೂ ಹಾಡು ಚಲೋನೇ ಇತ್ತು ಬಿಡಪ್ಪಾ ಎಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು.

ತಿರುಗಿ ಬರುವಾಗ ಸಾಹೇಬರು ಒಂದೇ ಮಾತು ಹೇಳಿದರು.

"ನಿನ್ನ ತಪ್ಪು ಗಿರಾಕಿಗೆ ಗೊತ್ತಾಗೋದು ನಿನ್ನ ಬಾಯಿಂದ ಆಗಬೇಕು ಪಂಪಣ್ಣಾ, ಮಿಷಿನ್ ಬಾಯಿಂದ ಅಲ್ಲ."

ಇದಾಗಿ ಒಂದೆರಡು ವರ್ಷಕ್ಕೆ ಸಂಡೂರು ಬೆಟ್ಟದಿಂದ ಕರೆ ಬಂತು. ಅಲ್ಲಿನ ಗಣಿಯಲ್ಲಿ ವಾರ್ಡ್ ಎಂಬ ಅಮೆರಿಕದ ಎಂಜಿನಿಯರ್ ಇದ್ದರು. ಬೆಟ್ಟದ ಮೇಲಿನ ಅದಿರನ್ನು ತಂತಿಗೆ ತೂಗುಬಿಟ್ಟ ತೊಟ್ಟಿಲುಗಳಲ್ಲಿ ಕೆಳಗಿಳಿಸುವ ಏರ್ಪಾಡು ಅವರ ಕೈಯಲ್ಲಿತ್ತು. ಹಾಗೆ ತಂತಿ ನೋಡಲು ಹತ್ತಿದಾಗ ಜಾರಿ ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಬಂಗಲೆಯಲ್ಲಿ ಮಲಗಿದ್ದರು. ಗ್ರಾಮಫೋನ್ ಕೆಟ್ಟಿದೆ, ಯಾರನ್ನಾದರೂ ಜಲ್ದಿ ಕಳಿಸಿ ಎಂದು ಚೀಟಿ ಬಂದಿತ್ತು. ಹೊಸ ಸ್ಪ್ರಿಂಗ್, ಗ್ರೀಸಿನ ಡಬ್ಬಿ, ಹತಾರ ಕಟ್ಟಿಕೊಂಡು ಬೆಳಗಿನ ಮೋಟಾರಿಗೆ ಹೊರಟೆ. ಬೇಸಿಗೆ. ಕಿಟಕಿಯ ಕಬ್ಬಿಣ ಮುಟ್ಟಿದರೆ ಚುರ್ ಎನ್ನುತ್ತಿತ್ತು.

ಬಂಗಲೆಯಲ್ಲಿ ನನ್ನನ್ನು ಎದುರುಗೊಂಡವರು ಗಣಿ ಕಚೇರಿಯ ಹೆಡ್ ಕ್ಲಾರ್ಕ್ ಶ್ರೀನಿವಾಸಾಚಾರ್ಯರು. ಅವರು ಹೊಸಪೇಟೆಯವರೇ, ಕಚೇರಿ ಮುಗಿಸಿ ಮನೆಗೆ ಹೋದರೆ ವೀಣೆ ಹಿಡಿದು ಕೂಡುವವರು. ದೊರೆಗೂ ನಮ್ಮಂಥವರಿಗೂ ನಡುವೆ ಮಾತು ದಾಟಿಸುವ ಕೆಲಸ ಅವರದು. ವಾರ್ಡ್ ದೊರೆ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಎತ್ತರದ ಆಳು, ಕೆಂಪು ಮೀಸೆ. ಪಕ್ಕದಲ್ಲಿ ಒಂದು ಕಟ್ಟಿಗೆ ಪೆಟ್ಟಿಗೆ. ಅದರ ಮೇಲೆ ಅವರು ಕೈ ಇಟ್ಟುಕೊಂಡ ರೀತಿ ನೋಡಿದರೆ ಒಳಗೆ ಮಗು ಮಲಗಿದೆಯೇನೋ ಅನ್ನಿಸಬೇಕು.

ಪೆಟ್ಟಿಗೆಯಲ್ಲಿ ಐದು ದೊಡ್ಡ ಪ್ಲೇಟುಗಳಿದ್ದವು. ಹಡಗಿನಲ್ಲಿ ತಿಂಗಳುಗಟ್ಟಲೆ ಬಂದು, ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದು, ಎತ್ತಿನ ಬಂಡಿಯಲ್ಲಿ ಬೆಟ್ಟ ಹತ್ತಿದ್ದವು. ಐದೂ ಸೇರಿ ಒಂದೇ ಸಂಗೀತ. ಅವರ ದೇಶದ, ಆಗಿನ್ನೂ ಬದುಕಿದ್ದ ಒಬ್ಬ ಸಂಗೀತಗಾರ ಬರೆದದ್ದನ್ನು ಎಂಬತ್ತು ತೊಂಬತ್ತು ಮಂದಿ ಒಟ್ಟಿಗೆ ಕೂತು ನುಡಿಸಿದ್ದು. ಅವನ ಹೆಸರನ್ನು ಮೂರು ಸಲ ಹೇಳಿಸಿಕೊಂಡೆ. ಮೂರು ಸಲವೂ ನನ್ನ ಬಾಯಲ್ಲಿ ಬೇರೆ ಬೇರೆಯಾಯಿತು. ಆಮೇಲೆ ಬಿಟ್ಟೆ.

ನಾನು ಮಿಷಿನ್ ಬಿಚ್ಚುತ್ತಿದ್ದಂತೆ ಆಚಾರ್ಯರು ಉಳಿದದ್ದನ್ನು ಮೆಲ್ಲಗೆ ಹೇಳಿದರು. ಆ ಎಂಬತ್ತು ಮಂದಿಯಲ್ಲಿ ಒಬ್ಬ ದೊರೆಯ ತಮ್ಮ, ಎಡ್ಡಿ ಅಂತ. ಹಾರ್ನ್ ಊದುವವನು, ಶಂಖದ ಹಾಗೆ ಸುತ್ತಿಕೊಂಡ ಹಿತ್ತಾಳೆ ಕೊಂಬು. ಇವರ ಅಪ್ಪನದು ಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆ. ತಮ್ಮ ಅದನ್ನು ಬಿಟ್ಟು ಕೊಂಬು ಊದುತ್ತೇನೆ ಎಂದು ಹೊರಟಾಗ ಮನೆಯಲ್ಲಿ ಜಗಳವಾಗಿ, ದೊರೆ ಅಪ್ಪನ ಕಡೆ ನಿಂತರು. ಅಣ್ಣತಮ್ಮಂದಿರ ನಡುವೆ ಮಾತು ನಿಂತು ಹನ್ನೊಂದು ವರ್ಷ. ಈ ಪ್ಲೇಟು ಕಳಿಸಿದವಳು ನಡುವಿನ ತಂಗಿ. ಮೂರನೇ ಖಂಡದ ಮೊದಲಿಗೆ ಬೇರೆ ಯಾರೂ ನುಡಿಸುವುದಿಲ್ಲ, ಎಡ್ಡಿ ಒಬ್ಬನೇ, ಕೇಳಿ ನೋಡು ಎಂದಷ್ಟೇ ಬರೆದಿದ್ದಳು.

ಆ ಮಾತು ಕೇಳಿ ನನಗೆ ಕೆಲಸದಲ್ಲಿ ಹುರುಪು ಹೆಚ್ಚಾಯಿತು. ಹುರುಪಿನ ಹಿಂದೆಯೇ ತಪ್ಪು ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ. ಸ್ಪ್ರಿಂಗ್ ಹಾಕಿದೆ, ಓಟದ ವೇಗ ಹಿಡಿದಿಡುವ ಗವರ್ನರ್ ಸರಿ ಮಾಡಿದೆ. ಪ್ಲೇಟುಗಳ ಮೇಲೆ ಹಡಗಿನ ಧೂಳೋ ಬಂಡಿಯ ಧೂಳೋ ಕೂತಿತ್ತು. ಬೆಳಕು ಚೆನ್ನಾಗಿರಲಿ ಎಂದು ಕಿಟಕಿಗೆ ಹೋಗಿ ಒಂದೊಂದನ್ನೂ ಅರಿವೆಯಿಂದ ಒರೆಸಿದೆ. ನಾಲ್ಕನ್ನು ತಂದು ಮೇಜಿನ ಮೇಲಿಟ್ಟೆ. ಐದನೆಯದನ್ನು ಒರೆಸುವಾಗ ಆಚಾರ್ಯರು ಚಹಾ ಕುಡಿ ಬಾ ಎಂದು ಕರೆದರು. ಪ್ಲೇಟನ್ನು ಕಿಟಕಿಯ ಸರಳಿಗೆ ಆನಿಸಿಟ್ಟು ಹೋದೆ.

ಆಮೇಲೆ ಮೊದಲನೇ ಪ್ಲೇಟು ಹಚ್ಚಿದೆ. ದೊರೆ ಕಣ್ಣು ಮುಚ್ಚಿದರು.

ನನಗೆ ಆಗ ಗೊತ್ತಿದ್ದ ಸಂಗೀತ ಎಂದರೆ ಒಬ್ಬರು ಹಾಡುವುದು, ಇಬ್ಬರು ಮೂವರು ಹಿಂದೆ ಬಾರಿಸುವುದು. ಇದು ಬೇರೆ. ಸೋಮವಾರ ಸಂತೆಗೆ ದೂರದಿಂದ ನಡೆದು ಬರುವಾಗ ಮೊದಲು ಬರೀ ಒಂದು ಗುಂಯ್ ಕೇಳುತ್ತದಲ್ಲ, ಹತ್ತಿರ ಬಂದಂತೆ ಅದರೊಳಗೆ ಬಳೆಗಾರ, ಕುರಿ, ಬಂಡಿ ಗಾಲಿ ಬೇರೆ ಬೇರೆಯಾಗಿ ಕೇಳುತ್ತವಲ್ಲ, ಹಾಗೆ. ನಾಲ್ಕು ನಿಮಿಷಕ್ಕೆ ಒಂದು ಮಗ್ಗುಲು ಮುಗಿಯಿತು. ಎಲ್ಲ ಪ್ಲೇಟಿಗೂ ಮಾಡುವಂತೆ ಅದನ್ನು ಮಗುಚಿ ಹಾಕಿದೆ. ಈ ಸಲ ದನಿ ಭಾಳ ಸಣ್ಣಗೆ ಶುರುವಾಗಿ, ಇನ್ನೂ ಸಣ್ಣದಾಗಿ, ಕೊನೆಗೆ ಉಸಿರಿನಷ್ಟಾಗಿ ನಿಂತಿತು. ಎರಡನೇ ಪ್ಲೇಟು ಹಾಕಿದರೆ ಮತ್ತೆ ಸಂತೆ. ಅದನ್ನು ಮಗುಚಿದರೆ ಮತ್ತೇನೋ.

ಆಚಾರ್ಯರು ಕುರ್ಚಿಯ ಕೈ ಮೇಲೆ ತಾಳ ಹಾಕುವುದನ್ನು ನಿಲ್ಲಿಸಿದರು.

"ಮೊದಲನೇ ಪ್ಲೇಟಿನ ಬೆನ್ನಾಗ ಮಂಗಳ ಹಾಡಿದಂಗಿತ್ತಲ್ಲೋ ಪಂಪಾಪತಿ. ಈಗ ಶುರು ಮಾಡ್ಯಾರ, ಇಷ್ಟು ಜಲ್ದಿ ಮಂಗಳ ಯಾಕ ಹಾಡ್ತಾರ?"

ದೊರೆಯ ಹಣೆಯೂ ಗಂಟಿಕ್ಕಿತ್ತು. ಹಾರ್ನ್ ಬಂದಾಗಲೆಲ್ಲ ಕತ್ತು ಮುಂದೆ ಚಾಚುವರು. ಕೂಡಲೇ ಬೇರೆ ವಾದ್ಯಗಳು ಬಂದು ಮುಚ್ಚುವವು. ಮತ್ತೆ ಹಿಂದಕ್ಕೆ ಒರಗುವರು. ತಮ್ಮ ಒಬ್ಬನೇ ಊದುವ ಜಾಗ ಬರಲೇ ಇಲ್ಲ. ನಾಲ್ಕು ಪ್ಲೇಟುಗಳ ಎಂಟು ಮಗ್ಗುಲು ಮುಗಿದವು. ಐದನೆಯದನ್ನು ತರಲು ಕಿಟಕಿಗೆ ಹೋದೆ.

ಬಿಸಿಲು ತಿರುಗಿ ಕಿಟಕಿಗೇ ಬಂದಿತ್ತು. ಪ್ಲೇಟು ಹಪ್ಪಳದಂತೆ ಸೊಟ್ಟಗಾಗಿತ್ತು.

ಆಗಿನ ಪ್ಲೇಟು ಅರಗಿನದು ಎಂದು ಈಗಿನವರಿಗೆ ಹೇಳಬೇಕು. ಬಿದ್ದರೆ ಒಡೆಯುತ್ತದೆ, ಕಾದರೆ ಬಾಗುತ್ತದೆ. ನಮ್ಮ ಕಡೆಯ ಬಿಸಿಲಿಗೆ ಅದನ್ನು ತೋರಿಸಲೇಬಾರದು. ಇದು ನಾನು ಅಂಗಡಿಗೆ ಸೇರಿದ ಮೊದಲ ವಾರ ಕಲಿತ ಪಾಠ. ಆದರೂ ಹುಚ್ಚು ಆಸೆ, ಒಯ್ದು ಹಾಕಿದೆ. ಪ್ಲೇಟು ಏರಿ ಇಳಿದು ತಿರುಗಿತು. ಹೊಳೆಯ ನಡುವೆ ಸುಳಿಗೆ ಸಿಕ್ಕ ಹರಗೋಲಿನಂತೆ ಮುಳ್ಳು ಕುಣಿದು ಹೊರಗೆ ಜಾರಿತು.

ಆಚಾರ್ಯರು ಎದ್ದು ಬಂದು ಪ್ಲೇಟಿನ ನಡುವಿನ ಚೀಟಿಯನ್ನು ಓದಿದರು. ಆಮೇಲೆ ಉಳಿದ ನಾಲ್ಕರ ಚೀಟಿಯನ್ನೂ ಎರಡೂ ಮಗ್ಗುಲು ತಿರುಗಿಸಿ ಓದಿದರು. ಕೆಳಗೆ ಸಣ್ಣ ಅಕ್ಷರದಲ್ಲಿ ಅಂಕಿಗಳಿದ್ದವು. ನಾನು ಅವನ್ನು ಕಂಪನಿಯ ಯಾವುದೋ ನಂಬರ್ ಅಂದುಕೊಂಡಿದ್ದೆ. ಒಂದರ ಬೆನ್ನಿಗೆ ಎರಡು ಇರಲಿಲ್ಲ, ಹತ್ತು ಇತ್ತು. ಎರಡರ ಬೆನ್ನಿಗೆ ಒಂಬತ್ತು, ಮೂರರ ಬೆನ್ನಿಗೆ ಎಂಟು, ನಾಲ್ಕರ ಬೆನ್ನಿಗೆ ಏಳು. ಅಮೆರಿಕದಲ್ಲಿ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ತಾನಾಗಿ ಒಂದೊಂದೇ ಕೆಳಗೆ ಬೀಳಿಸುವ ಮಿಷಿನ್ ಬಂದಿವೆ, ಅದಕ್ಕೆಂದು ಮಾಡಿದ ಜೋಡಣೆ ಇದು ಎಂದು ದೊರೆ ಆಗ ನೆನಪಿಸಿಕೊಂಡರು. ಮೊದಲು ಐದೂ ಪ್ಲೇಟಿನ ಒಂದು ಮಗ್ಗುಲು ಕೇಳಬೇಕು, ಆಮೇಲೆ ಗಂಟನ್ನೇ ಮಗುಚಿ ಇನ್ನೊಂದು. ನಾನು ಇಡೀ ಸಂಗೀತವನ್ನು ತಲೆಗೊಂದು ಬಾಲಕ್ಕೊಂದು ಎಂದು ಹೊಲಿದು ಕೇಳಿಸಿದ್ದೆ.

ಉಳಿದದ್ದು ಐದು ಮತ್ತು ಆರು. ಎರಡೂ ಆ ಸೊಟ್ಟ ಪ್ಲೇಟಿನ ಮೇಲೆ. ಆರನೆಯ ಮಗ್ಗುಲಿನ ಚೀಟಿಯಲ್ಲಿ ಮೂರನೇ ಖಂಡ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು.

ಕಂಪ್ಲಿಯ ಪಡಸಾಲೆ ನೆನಪಾಗಿ, ನಾನೇ ಬಾಯಿಬಿಟ್ಟೆ.

"ಕಿಟಕಿಯಾಗ ಇಟ್ಟಾವ ನಾನು ಅಂತ ಹೇಳ್ರಿ ಆಚಾರ್ರ. ದಾರಿಯಾಗ ಕೆಟ್ಟಿದ್ದಲ್ಲ, ಹಡಗಿನಾಗ ಕೆಟ್ಟಿದ್ದಲ್ಲ. ನಾನು ಕೆಡಿಸಿದ್ದು."

ಆಚಾರ್ಯರು ಹೇಳಿದರು. ದೊರೆ ಬೈದಿದ್ದರೆ ಸಮಾಧಾನವಾಗುತ್ತಿತ್ತು. ನೆಟ್ಟಗೆ ಮಾಡಬಹುದೇ ಎಂದಷ್ಟೇ ಕೇಳಿದರು. ನಮ್ಮ ಉಸ್ತಾದರು ಮಾಡಬಲ್ಲರು ಎಂದೆ. ಅವರು ಅಂಥದ್ದನ್ನು ಮಾಡಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಕಟ್ಟಿಗೆ ಪೆಟ್ಟಿಗೆಯ ಎರಡು ಹಲಗೆಗಳ ನಡುವೆ ಪ್ಲೇಟಿಟ್ಟು, ಪಂಚೆಯಿಂದ ಕಟ್ಟಿ, ಮೋಟಾರಿನಲ್ಲಿ ನೆರಳಿನ ಮಗ್ಗುಲಿಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಸಂಡೂರಿನಿಂದ ಹೊಸಪೇಟೆಯ ತನಕ ಪ್ರತಿ ಗುಂಡಿಯೂ ನನ್ನ ಎದೆಗೇ ತಾಗಿತು. ಪಕ್ಕದವನು ಏನದು ಎಂದು ಕೇಳಿದ. ಕೊಂಬು ಎಂದುಬಿಟ್ಟೆ. ಅವನು ಹಲಗೆಯನ್ನೂ ನನ್ನನ್ನೂ ನೋಡಿ ಸ್ವಲ್ಪ ದೂರ ಸರಿದು ಕೂತ.

ಹುಸೇನ್ ಸಾಹೇಬರು ಕಟ್ಟು ಬಿಚ್ಚಿ ನೋಡಿದರು. ಪ್ಲೇಟಿನ ಬಗ್ಗೆ ಏನೂ ಕೇಳಲಿಲ್ಲ.

"ಯಾರು ಮಾಡಿದ್ದು ಅಂತ ಹೇಳೀಯೇನು ಅವರಿಗೆ?"

"ಹೇಳೀನಿ ಉಸ್ತಾದ್."

"ಹಂಗಾದ್ರ ಬಾ, ಗಾಜು ಇಳಸೋಣ."

ಅಂಗಡಿಯ ಷೋಕೇಸಿನ ಎರಡು ದಪ್ಪ ಗಾಜುಗಳನ್ನು ಅವರೇ ಸ್ಕ್ರೂ ಬಿಚ್ಚಿ ತೆಗೆದರು. ಒಂದು ಗಾಜಿನ ಮೇಲೆ ಪ್ಲೇಟು, ಅದರ ಮೇಲೆ ಇನ್ನೊಂದು ಗಾಜು. ಮಾಳಿಗೆಯ ಮೇಲೆ ಬೆಳಗಿನ ಎಳೆ ಬಿಸಿಲಿಗೆ ಇಟ್ಟು ಇಬ್ಬರೂ ಪಕ್ಕದಲ್ಲಿ ಕೂತೆವು. ಕೆಡಿಸಿದ ಬಿಸಿಲೇ ಸರಿ ಮಾಡಬೇಕು, ಆದರೆ ಅಳತೆ ತಪ್ಪಿದರೆ ಗೆರೆಗಳೇ ಅಳಿಸಿಹೋಗಿ ಪ್ಲೇಟು ಮೂಕವಾಗುತ್ತದೆ. ಸಾಹೇಬರು ಗಡಿಯಾರ ನೋಡಲಿಲ್ಲ. ಗಾಜಿನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಬಿಸಿ ಕೈಗೆ ತಡೆಯುವಷ್ಟು ಇರಬೇಕು, ಅದಕ್ಕಿಂತ ಹೆಚ್ಚಾಗಬಾರದು. ಮೇಲಿನ ಗಾಜು ತನ್ನ ಭಾರಕ್ಕೆ ಕೂದಲಷ್ಟು ಕೂದಲಷ್ಟೇ ಕೆಳಗಿಳಿಯುವುದನ್ನು ಕಣ್ಣಾರೆ ನೋಡಿದೆ. ಆಮೇಲೆ ನೆರಳಿಗೆ ತಂದು, ಮೇಲೆ ಹೊಲಿಗೆ ಮಿಷಿನ್ನಿನ ಕಬ್ಬಿಣ ಹೇರಿ, ಸಂಜೆ ತನಕ ಆರಲು ಬಿಡುವುದು. ಹೀಗೆ ಮೂರು ದಿನ. ಆ ಮೂರು ದಿನ ಅಂಗಡಿಯ ಷೋಕೇಸಿಗೆ ಗಾಜಿರಲಿಲ್ಲ. ಒಂದು ಬೆಕ್ಕು ಬಂದು ಕೈಗಡಿಯಾರಗಳ ನಡುವೆ ಮಲಗುವುದನ್ನು ರೂಢಿ ಮಾಡಿಕೊಂಡಿತು.

ಪ್ಲೇಟು ನೆಟ್ಟಗಾಯಿತು. ಪೂರ್ತಿ ಅಲ್ಲ. ಅಂಚಿನ ಕಡೆ ಒಂದು ಬೆರಳಗಲ ಸಣ್ಣ ಉಬ್ಬು ಉಳಿಯಿತು. ಇನ್ನು ಕಾಯಿಸಿದರೆ ಗೆರೆ ಹೋಗುತ್ತದೆ, ಇಷ್ಟೇ ಎಂದರು ಸಾಹೇಬರು. ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ತಾವೂ ಬೆಟ್ಟಕ್ಕೆ ಬಂದರು.

ಈ ಸಲ ಸರಿಯಾದ ಸಾಲಿನಲ್ಲಿ ಹಾಕಿದೆ. ಒಂದು, ಎರಡು, ಮೂರು, ನಾಲ್ಕು. ಅದೇ ದನಿಗಳು, ಈಗ ಮಾತ್ರ ಒಂದರ ಕೈ ಒಂದು ಹಿಡಿದುಕೊಂಡು ಬಂದವು. ಒಂದು ಕಡೆ ಎರಡು ಬೀದಿಗಳಿಂದ ಎರಡು ಬ್ಯಾಂಡು ಬಂದು, ಯಾರಿಗೆ ಯಾರೂ ದಾರಿ ಬಿಡದೆ ಒಂದರೊಳಗೊಂದು ನುಗ್ಗಿ ಹಾದುಹೋದ ಹಾಗೆ ಕೇಳಿತು. ಹುಸೇನ್ ಸಾಹೇಬರು ನಗು ತಡೆಯಲು ಗಡ್ಡ ಹಿಡಿದುಕೊಂಡರು. ನಮ್ಮೂರ ಭಾನುವಾರ ಹಿಂಗೇ ಇರ್ತೈತಿ ಅಂತಾರ ನೋಡ್ರಿ ಎಂದು ಆಚಾರ್ಯರು ದೊರೆಯ ಮಾತನ್ನು ನಮಗೆ ದಾಟಿಸಿದರು. ಐದನೆಯ ಮಗ್ಗುಲು ಮುಗಿಯಿತು. ಪ್ಲೇಟು ಮಗುಚಿ, ಹೊಸ ಮುಳ್ಳು ಹಾಕಿ, ಅಂಚಿನ ಗೆರೆಗೆ ಬಿಟ್ಟೆ.

ಹಾರ್ನ್ ಒಂದೇ. ಹಿಂದೆ ಏನೂ ಇಲ್ಲ. ಬೆಟ್ಟದ ಆಚೆಯಿಂದ ಯಾರೋ ಯಾರನ್ನೋ ಕರೆದಂತೆ ಎದ್ದು, ಮೇಲಿನ ಒಂದು ಸ್ವರಕ್ಕೆ ಹೋಗಿ ನಿಂತಿತು. ನಿಂತಲ್ಲಿ ಸ್ವಲ್ಪ ನಡುಗಿತು. ಒಮ್ಮೆ, ಇನ್ನೊಮ್ಮೆ. ಆಮೇಲೆ ಇಳಿದು ಬಂತು, ಉಳಿದವರು ಸೇರಿಕೊಂಡರು.

ನನ್ನ ಕಿವಿಗೆ ಕೂಡಲೇ ತಿಳಿಯಿತು. ಪ್ಲೇಟಿನ ಉಬ್ಬು ಮುಳ್ಳಿನ ಕೆಳಗೆ ಹಾದಾಗಲೆಲ್ಲ ಆ ನಡುಕ. ಸಾಹೇಬರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು.

ದೊರೆ ಜೋರಾಗಿ ನಕ್ಕುಬಿಟ್ಟರು. ನಗುತ್ತಲೇ ಕಣ್ಣೊರೆಸಿಕೊಂಡರು. ಆಚಾರ್ಯರ ತೋಳು ಹಿಡಿದು ಏನೇನೋ ಹೇಳಿದರು.

"ಅವನೇ ಅಂತಾರ. ಸಣ್ಣಾವ ಇದ್ದಾಗ ಕೊಟ್ಟಿಗ್ಯಾಗ ಕುಂತು ಊದ್ತಿದ್ದನಂತ. ಮ್ಯಾಲಿನ ಸ್ವರಕ್ಕ ಹೋದಾಗ ಹಿಂಗ ನಡಗತಿತ್ತಂತ. ಇಷ್ಟು ದೊಡ್ಡ ಮಂದಿ ಜೋಡಿ ಕುಂತರೂ ಬಿಟ್ಟಿಲ್ಲ ನೋಡು ಆ ನಡುಕ, ಅಂತಾರ."

ಆ ಮಗ್ಗುಲನ್ನು ಅವರು ನಾಲ್ಕು ಸಲ ಹಾಕಿಸಿದರು. ನಾಲ್ಕನೆಯದು ಮುಗಿಯುವಷ್ಟರಲ್ಲಿ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ತಮ್ಮನಿಗೆ ಕಾಗದ ಬರೆಯತೊಡಗಿದ್ದರು. ಹನ್ನೊಂದು ವರ್ಷದ ಮೇಲೆ ಮೊದಲ ಕಾಗದ.

ಬೆಟ್ಟ ಇಳಿಯುವಾಗ ನಾನು ಸಾಹೇಬರನ್ನು ಕೇಳಿದೆ. ಅದು ನಮ್ಮ ನಡುಕ, ಅವರ ತಮ್ಮನದಲ್ಲ, ಹೇಳಬೇಕಿತ್ತಲ್ಲವೇ ಎಂದೆ. ಮಿಷಿನ್ ಬಾಯಿಂದ ಗೊತ್ತಾಗಬಾರದು ಎಂದು ಕಲಿಸಿದವರು, ನಾನು ಬಾಯಿ ತೆರೆದೆ ಪಂಪಣ್ಣಾ, ಅಷ್ಟರಾಗ ಅವರು ಕಣ್ಣು ಒರಸಿಕೊಂಡರು ಎಂದರು. ಅವರು ತಾವು ಕಲಿಸಿದ ದಾರಿಯನ್ನೇ ತಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದು ತಪ್ಪೋ ಅಲ್ಲವೋ ಎಂದು ಈಗಲೂ ನಿಶ್ಚಯವಾಗಿ ಹೇಳಲಾರೆ. ಆದರೆ ನನಗೆ ನೆಮ್ಮದಿ ಇರಲಿಲ್ಲ.

ಹಡಗಿನ ಕಾಗದ ಹೋಗಿ ಬರಲು ತಿಂಗಳುಗಳು. ಅಷ್ಟರಲ್ಲಿ ಅಂಗಡಿಗೆ ಬೇರೆ ಕೆಲಸಗಳು ಬಂದವು. ಎಮ್ಮಿಗನೂರಿನ ರೈತರೊಬ್ಬರು ದೊಡ್ಡ ಕೊಳವೆಯ ಗ್ರಾಮಫೋನ್ ತಂದು, ದನಿ ಕ್ಷೀಣ ಆಗೇತಿ, ಔಷಧ ಹಾಕ್ರಿ ಎಂದರು. ಕೊಳವೆಯೊಳಗೆ ಕೈ ಹಾಕಿದರೆ ಗುಬ್ಬಿ ಗೂಡು, ಮೂರು ಮೊಟ್ಟೆ. ತೆಗೆಯಲೇ ಎಂದು ಕೇಳಿದ್ದಕ್ಕೆ ಅವರು ಗಾಬರಿಯಾಗಿ, ಬ್ಯಾಡ ಬ್ಯಾಡ ಎಂದು ಮಿಷಿನ್ ತಲೆ ಮೇಲೆ ಹೊತ್ತುಕೊಂಡು ಮೆಲ್ಲಗೆ ಊರಿಗೆ ತಿರುಗಿದರು. ಮರಿ ಹಾರಿಹೋದ ಮೇಲೆ ಕೊಳವೆ ತೊಳೆಸಲು ಮತ್ತೆ ತಂದರು. ಆ ವರ್ಷವೇ ಕರೆಂಟಿನಿಂದ ದನಿ ದೊಡ್ಡದು ಮಾಡುವ ಪೆಟ್ಟಿಗೆಯೂ ನಮ್ಮ ಅಂಗಡಿ ಮೆಟ್ಟಿಲು ಹತ್ತಿತು. ಹುಸೇನ್ ಸಾಹೇಬರು ಅದನ್ನು ಒಮ್ಮೆ ಮುಟ್ಟಿ ಜುಂ ಎನ್ನಿಸಿಕೊಂಡು, ಇನ್ನು ಇದು ನಿನ್ನ ಪಾಲು ಎಂದು ನನ್ನ ಕಡೆ ದೂಡಿದರು. ನಾನು ಬ್ಯಾಟರಿ, ವಾಲ್ವು ಎಂದು ಕಲಿತದ್ದು ಹಾಗೆ, ಉಸ್ತಾದರ ಹೆದರಿಕೆಯಿಂದ.

ಮಳೆಗಾಲ ಕಳೆದ ಮೇಲೆ ದೊರೆ ಕೈಯಲ್ಲಿ ಕೋಲು ಹಿಡಿದು, ಆಚಾರ್ಯರ ಜೊತೆ ಅಂಗಡಿಗೇ ಬಂದರು. ತಮ್ಮನಿಂದ ಉತ್ತರ ಬಂದಿತ್ತು. ಒಂಬತ್ತು ಹಾಳೆ. ಮೊದಲ ಸಾಲಿನಿಂದ ಕೊನೆ ಸಾಲಿನ ತನಕ ಸಿಟ್ಟು. ನೀನು ಬರೆದಂತೆ ನಾನು ಆ ಸ್ವರದಲ್ಲಿ ನಡುಗಿಲ್ಲ. ನಡುಗಿದ್ದರೆ ನಮ್ಮ ಬ್ಯಾಂಡಿನ ಯಜಮಾನ ನನ್ನನ್ನು ಅಂದೇ ಹೊರಗೆ ಹಾಕುತ್ತಿದ್ದ. ನಿನ್ನ ಕಿವಿ ಎರಕದ ಕಾರ್ಖಾನೆಯಲ್ಲಿ ಕೆಟ್ಟಿದೆ. ಇಲ್ಲವೇ ನಿನ್ನ ಮಿಷಿನ್ ಕೆಟ್ಟಿದೆ. ಇಷ್ಟು ಬೈದು, ಎರಡು ಹಾಳೆ ತನ್ನ ಹೆಂಡತಿ ಮಕ್ಕಳ ಸುದ್ದಿ ಬರೆದು, ಮತ್ತೆ ಬೈಗುಳಕ್ಕೆ ತಿರುಗಿದ್ದ. ದೊರೆ ಅದನ್ನು ಹಬ್ಬದ ಊಟ ಬಣ್ಣಿಸುವವರಂತೆ ಓದಿ ಹೇಳಿದರು. ತಮಗೆ ಇಬ್ಬರು ತಮ್ಮನ ಮಕ್ಕಳಿದ್ದಾರೆಂಬುದು ಅವರಿಗೆ ಗೊತ್ತಾದದ್ದೇ ಆ ಕಾಗದದಿಂದ.

ನನಗೆ ಇನ್ನು ತಡೆಯಲಾಗಲಿಲ್ಲ. ತಮ್ಮ ಹೇಳಿದ್ದು ಖರೆ, ನಡುಗಿದ್ದು ನಾವು ನೆಟ್ಟಗೆ ಮಾಡಿದ ಪ್ಲೇಟು, ಅವತ್ತೇ ನನಗೆ ಗೊತ್ತಿತ್ತು ಎಂದೆ. ಸಾಹೇಬರು ಎದ್ದುನಿಂತು, ನನಗೂ ಗೊತ್ತಿತ್ತು ಎಂದರು. ಆಚಾರ್ಯರು ಹಿಂದುಮುಂದು ನೋಡುತ್ತ ಅದನ್ನು ಇಂಗ್ಲಿಷಿಗೆ ತಿರುಗಿಸಿದರು.

ದೊರೆ ಕೋಲಿನ ಮೇಲೆ ಗದ್ದ ಊರಿ ಕೇಳಿದರು. ಆಮೇಲೆ ಕೇಳಿದ್ದು ಇಷ್ಟೇ: ಆ ಉಬ್ಬನ್ನು ಇನ್ನಷ್ಟು ಸರಿ ಮಾಡಬಹುದೇ? ಗೆರೆ ಹೋಗಬಹುದು, ಆದರೂ ಒಂದು ಕೈ ನೋಡಬಹುದು ಎಂದರು ಸಾಹೇಬರು.

"ಮುಟ್ಟಬ್ಯಾಡ್ರಿ ಅಂತಾರ" ಎಂದರು ಆಚಾರ್ಯರು.

ಅಲ್ಲಿಂದ ಎರಡು ವರ್ಷ ಆ ಅಣ್ಣತಮ್ಮಂದಿರು ಒಂದು ಸ್ವರದ ಮೇಲೆ ಕಾಗದದಲ್ಲಿ ಹೊಡೆದಾಡಿದರು. ಸುದ್ದಿ ಆಚಾರ್ಯರಿಂದ ನಮಗೆ ಮುಟ್ಟುತ್ತಿತ್ತು. ಜಗಳದ ನಡುನಡುವೆ ಅಪ್ಪನ ಆರೋಗ್ಯ, ತಂಗಿಯ ಮದುವೆ, ಸಂಡೂರಿನ ಬಿಸಿಲು, ತಂತಿ ತೊಟ್ಟಿಲು ಎಲ್ಲ ಬರುತ್ತಿದ್ದವಂತೆ. ಕೊನೆಗೆ ತಮ್ಮನಿಗೆ ತಾಳ್ಮೆ ಮೀರಿರಬೇಕು. ಒಂದು ದಿನ ಸ್ಟೇಷನ್ನಿಗೆ ಹೊಸ ಪೆಟ್ಟಿಗೆ ಬಂತು. ಒಳಗೆ ಒಂದು ದಿಂಬಿಗಾಗುವಷ್ಟು ಹತ್ತಿ; ಹತ್ತಿಯೊಳಗೆ ಆ ಐದನೇ ಪ್ಲೇಟು, ಹೊಚ್ಚ ಹೊಸದು. ಕೇಳಿ ಒಪ್ಪಿಕೋ ಎಂದು ಒಂದು ಚೀಟಿ.

ದೊರೆ ಅದನ್ನು ಬೆಟ್ಟಕ್ಕೆ ಒಯ್ಯುವಷ್ಟು ಕಾಯಲಿಲ್ಲ. ಸ್ಟೇಷನ್ನಿನಿಂದ ನೇರ ಅಂಗಡಿಗೆ ತಂದರು. ಬೆಳಗಿನ ಹತ್ತು ಗಂಟೆ. ಬಾಗಿಲ ಬಿಸಿಲಿಗೆ ಅಡ್ಡವಾಗಿ ನಾನೇ ಪರದೆ ಬಿಟ್ಟೆ. ಒಳ್ಳೆಯ ಮಿಷಿನ್ ಆರಿಸಿ, ಗವರ್ನರನ್ನು ಎರಡು ಸಲ ನೋಡಿ, ಆರನೆಯ ಮಗ್ಗುಲು ಹಾಕಿದೆ.

ಕೊಂಬು ಎದ್ದಿತು. ಮೇಲಿನ ಸ್ವರಕ್ಕೆ ಹೋಗಿ ನಿಂತಿತು. ಗಾಳಿಯಿಲ್ಲದ ಕೋಣೆಯ ದೀಪದಂತೆ ನಿಂತಿತು, ಒಂದಿಷ್ಟೂ ಅಲುಗಲಿಲ್ಲ. ಅಷ್ಟು ಚಂದದ ದನಿ ಆ ಅಂಗಡಿಯಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ. ಆಮೇಲೆ ಬಂದದ್ದೂ ನನಗೆ ನೆನಪಿಲ್ಲ. ಮಗ್ಗುಲು ಮುಗಿದ ಮೇಲೆ ದೊರೆ ಇನ್ನೊಮ್ಮೆ ಎಂದು ಬೆರಳು ತೋರಿಸಿದರು. ಎರಡನೇ ಸಲ ಅವರು ನಗಲಿಲ್ಲ. ಕಣ್ಣು ಮುಚ್ಚಿ ಕೇಳಿದರು. ನಿನಗೆ ಏನು ಕೇಳಿಸಿತು ಎಂದು ನನ್ನನ್ನು ಕೇಳಿದರು. ನಡುಗಲಿಲ್ಲ ಎಂದೆ. ಹುಸೇನ್ ಸಾಹೇಬರೂ ತಲೆ ಆಡಿಸಿದರು.

ದೊರೆ ನಮ್ಮ ಕೌಂಟರಿನ ಮೇಲೆಯೇ ಕಾಗದ ಹರವಿ ಎರಡು ಸಾಲು ಬರೆದು, ಓದಿ ಹೇಳಿದರು. ಆಚಾರ್ಯರು ಬಿದ್ದು ಬಿದ್ದು ನಕ್ಕು, ಕನ್ನಡಕ ತೆಗೆದು ಒರೆಸಿಕೊಂಡ ಮೇಲೆ ನಮಗೆ ತಿಳಿಸಿದರು.

"ಹೊಸಾ ಪ್ಲೇಟು ಮುಟ್ಟಿತು, ಎರಡು ಸಲ ಕೇಳಿದೆ, ಇನ್ನೂ ನಡಗತೈತಿ, ಅಂತ ಬರದಾರ."

ಹುಸೇನ್ ಸಾಹೇಬರಿಗೆ ಇದು ಒಪ್ಪಿಗೆಯಾಗಲಿಲ್ಲ. ಸಾಹೇಬ್ರ, ಇದು ಸುಳ್ಳಲ್ಲೇನು ಎಂದು ಕೇಳಿಯೇಬಿಟ್ಟರು. ದೊರೆ ಹೌದೆಂದು ತಲೆ ಆಡಿಸಿದರು. ಆಮೇಲೆ ಹೇಳಿದ್ದನ್ನು ಆಚಾರ್ಯರು ಮೆಲ್ಲಗೆ ಹೇಳಿದರು.

"ನಾ ಒಪ್ಪಿಕೊಂಡುಬಿಟ್ರ, ಅವ ಮತ್ತ ಯಾಕ ಬರೀತಾನ, ಅಂತಾರ."

ಸಾಹೇಬರು ಗಡ್ಡ ನೇವರಿಸುತ್ತ ಯೋಚಿಸಿದರು. ಆಮೇಲೆ ಲಕೋಟೆ ಅಂಟಿಸಲು ಗೋಂದಿನ ಬಾಟಲಿಯನ್ನು ದೊರೆಯ ಕಡೆ ಸರಿಸಿದರು.